ಮುಖಕ್ಕೆ ಬೆಲೆ ಕಟ್ಟುವ ಮುನ್ನ



ಮದುವೆ ಫೋಟೊ ತೆಗೆಯುವವರಿಗೆ ತಪಸ್ಸುಕಾಲ ನಿಜವಾಗಿಯೂ ತಪಸ್ಸಿನ ಕಾಲವೇ. ಆ ನಲವತ್ತು ದಿನ ನಮ್ಮ ದೇವಾಲಯಗಳಲ್ಲಿ ಸಾಮಾನ್ಯವಾಗಿ ಮದುವೆಗಳು ನಡೆಯುವುದಿಲ್ಲ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲೂ ಅಷ್ಟೆ. ಆಷಾಢ ಬಂತೆಂದರೆ ಹಿಂದೂ ಬಾಂಧವರ ಮನೆಗಳಲ್ಲೂ ಓಲಗ ನಿಲ್ಲುತ್ತದೆ. ಹೀಗೆ ವರ್ಷದಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಕ್ಯಾಮರಾ ಚೀಲದಲ್ಲೇ ಮಲಗಿರುತ್ತದೆ. ಆದರೆ ಕ್ಯಾಮರಾ ಕೊಳ್ಳಲು ಮಾಡಿದ ಸಾಲದ ಕಂತು ಮಲಗುವುದಿಲ್ಲ.

ನಮ್ಮ ಧರ್ಮಕೇಂದ್ರದ ಒಬ್ಬ ಯುವಕನ ಸ್ಥಿತಿಯೂ ಇದೇ. ಚಿಕ್ಕವನಾಗಿದ್ದಾಗ ನನ್ನ ಧರ್ಮೋಪದೇಶ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಕಳೆದ ತಪಸ್ಸುಕಾಲದ ಒಂದು ಭಾನುವಾರ, ಬಲಿಪೂಜೆ ಮುಗಿದ ಮೇಲೆ, ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ತಾನು ತೆಗೆದ ಚಿತ್ರಗಳನ್ನು ಮಾರಲು ಇಂಟರ್‌ನೆಟ್ಟಿನಲ್ಲಿ ಸ್ವಂತ ಅಂಗಡಿಯೊಂದನ್ನು ತೆರೆಯುವ ಆಸೆ ಅವನದು. ನಲವತ್ತು ಚಿತ್ರಗಳನ್ನು ಆರಿಸಿಕೊಂಡಿದ್ದ. ಹದಿನಾಲ್ಕು ಚಿತ್ರಗಳು ಮದುವೆ, ದೀಕ್ಷಾಸ್ನಾನ, ಪ್ರಥಮ ಪರಮಪ್ರಸಾದದವು. ಇಪ್ಪತ್ತೈದು ಚಿತ್ರಗಳು ಬೆಟ್ಟ, ಕೆರೆ, ಕಾಫಿ ತೋಟ, ಹಳೆಯ ಕಟ್ಟಡಗಳವು. ಉಳಿದದ್ದು ಒಂದೇ ಒಂದು. ಹಬ್ಬದ ಹಿಂದಿನ ಸಂಜೆ, ಮೊಂಬತ್ತಿಗಳ ಬೆಳಕಿನಲ್ಲಿ, ಜಪಸರ ಹಿಡಿದು ಕಣ್ಣು ಮುಚ್ಚಿ ಕುಳಿತ ಒಬ್ಬ ಅಜ್ಜಿಯ ಮುಖ.

ಅಜ್ಜಿ ನಮಗೆಲ್ಲ ಗೊತ್ತಿರುವವರೇ. ದೇವಾಲಯಕ್ಕೆ ಹೂವಿನ ಹಾರ ಕಟ್ಟಿಕೊಡುವವರು. ಚಿತ್ರ ನೋಡಿದರೆ ಯಾರಿಗಾದರೂ ಎದೆ ತುಂಬಿ ಬರುತ್ತದೆ.

“ಎಲ್ಲರೂ ಇದೇ ಚೆನ್ನಾಗಿ ಮಾರಾಟ ಆಗುತ್ತೆ ಅಂತಾರೆ ಮೇಷ್ಟ್ರೇ. ಹಾಕಬಹುದಾ?” ಎಂದು ಕೇಳಿದ.

ನನಗೆ ಆಗ ಉತ್ತರ ಹೊಳೆಯಲಿಲ್ಲ. ಇಂದು ನಮ್ಮ ಮನೆಗಳ ಎಷ್ಟೋ ಮಕ್ಕಳು ಮೊಬೈಲಿನಲ್ಲೋ ಕ್ಯಾಮರಾದಲ್ಲೋ ಚಿತ್ರ ತೆಗೆಯುತ್ತಾರೆ. ಕೆಲವರು ಅದರಿಂದ ನಾಲ್ಕು ಕಾಸು ಸಂಪಾದಿಸಲೂ ಹೊರಟಿದ್ದಾರೆ. ಆದ್ದರಿಂದ ಆ ಹುಡುಗನ ಪ್ರಶ್ನೆ ಅವನೊಬ್ಬನದಲ್ಲ, ನಿಮ್ಮ ಮನೆಯದೂ ಆಗಿರಬಹುದು. ಬನ್ನಿ, ಒಟ್ಟಿಗೆ ಕೂತು ಯೋಚಿಸೋಣ.

ಇದು ಎಂಥ ಅಂಗಡಿ?

ಮೊದಲು ಈ ಅಂಗಡಿ ಹೇಗೆ ನಡೆಯುತ್ತದೆಂದು ತಿಳಿದುಕೊಳ್ಳಬೇಕು. ಇದಕ್ಕೆ ಬಾಗಿಲಿಲ್ಲ, ಕಪಾಟಿಲ್ಲ, ತಕ್ಕಡಿಯಿಲ್ಲ. ಗಿರಾಕಿ ತನ್ನ ಊರಿನಲ್ಲೇ ಕುಳಿತು ಚಿತ್ರದ ಸಣ್ಣ ಪ್ರತಿಯನ್ನು ನೋಡುತ್ತಾನೆ. ಯಾರೂ ಹಾಗೇ ಎತ್ತಿಕೊಂಡು ಹೋಗಬಾರದೆಂದು ಅದರ ಮೇಲೆ ಅಡ್ಡಲಾಗಿ ಛಾಯಾಗ್ರಾಹಕನ ಹೆಸರು ಮಸುಕಾಗಿ ಅಚ್ಚಾಗಿರುತ್ತದೆ. ಫೋನಿನಲ್ಲೇ ಹಣ ಕಟ್ಟಿದರೆ ಒಂದು ಕೊಂಡಿ ಬರುತ್ತದೆ. ಅದನ್ನು ಒತ್ತಿದರೆ ಹೆಸರಿಲ್ಲದ, ದೊಡ್ಡ ಅಳತೆಯ ಚಿತ್ರ ಡೌನ್‌ಲೋಡ್ ಆಗುತ್ತದೆ. ಆಮೇಲೆ ಅವನು ಅದನ್ನು ಗೋಡೆಗೆ ಹಾಕಿಕೊಳ್ಳಬಹುದು, ಪುಸ್ತಕದ ಹೊದಿಕೆಗೆ ಬಳಸಬಹುದು, ಜಾಹೀರಾತಿಗೂ ಬಳಸಬಹುದು. ಯಾವುದಕ್ಕೆ ಬಳಸಬಹುದೆಂಬುದನ್ನು ಮಾರುವಾಗ ಕೊಡುವ ಲೈಸೆನ್ಸ್ ತೀರ್ಮಾನಿಸುತ್ತದೆ. ಅಂದರೆ ಇಲ್ಲಿ ಮಾರಾಟವಾಗುವುದು ಕಾಗದವಲ್ಲ, ಚಿತ್ರವನ್ನು ಬಳಸಿಕೊಳ್ಳುವ ಅನುಮತಿ.

ಇಂಥ ವ್ಯಾಪಾರ ಹೊಸದೇನಲ್ಲ. 2000ದಲ್ಲಿ ಕೆನಡಾದ ಕ್ಯಾಲ್ಗರಿ ನಗರದಲ್ಲಿ ಐಸ್ಟಾಕ್‌ಫೋಟೊ ಆರಂಭವಾಯಿತು. 2003ರಲ್ಲಿ ನ್ಯೂಯಾರ್ಕಿನ ಜಾನ್ ಓರಿಂಜರ್ ಎಂಬುವರು ತಾವೇ ತೆಗೆದ ಸುಮಾರು ಮೂವತ್ತು ಸಾವಿರ ಚಿತ್ರಗಳನ್ನಿಟ್ಟುಕೊಂಡು ಷಟರ್‌ಸ್ಟಾಕ್ ತೆರೆದರು. ಅಲ್ಲಿಯವರೆಗೆ ದೊಡ್ಡ ಏಜೆನ್ಸಿಗಳು ದುಬಾರಿ ಬೆಲೆಗೆ ಒದಗಿಸುತ್ತಿದ್ದ ಚಿತ್ರಗಳು ಅಗ್ಗವಾದವು, ಮನೆಯಲ್ಲಿ ಕುಳಿತ ಹವ್ಯಾಸಿಯೂ ಮಾರಬಹುದಾಯಿತು. ಆದರೆ ಅಂಥ ದೊಡ್ಡ ಸಂತೆಯಲ್ಲಿ ಚಿತ್ರ ತೆಗೆದವನ ಕೈಗೆ ಬರುವ ಪಾಲು ಚಿಕ್ಕದು. ನಮ್ಮ ಹುಡುಗ ಸ್ವಂತ ಅಂಗಡಿ ತೆರೆಯಬೇಕೆಂದದ್ದು ಅದಕ್ಕೇ. ತನ್ನ ಬೆಳೆಯನ್ನು ದಲ್ಲಾಳಿಗೆ ಕೊಡದೆ ತಾನೇ ಸಂತೆಗೆ ಒಯ್ಯುವ ರೈತನನ್ನು ನಾವು ಮೆಚ್ಚುವುದಿಲ್ಲವೇ? ಇವನನ್ನೂ ಮೆಚ್ಚಬೇಕು.

ಆದರೂ ರೈತನ ಸಂತೆಗೂ ಈ ಸಂತೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಕುರಿ ಮಾರಿದವನ ಕೊಟ್ಟಿಗೆಯಲ್ಲಿ ಕುರಿ ಉಳಿಯುವುದಿಲ್ಲ. ಚಿತ್ರ ಮಾರಿದವನ ಬಳಿ ಚಿತ್ರ ಹಾಗೇ ಇರುತ್ತದೆ. ಅದೇ ಚಿತ್ರವನ್ನು ಸಾವಿರ ಜನಕ್ಕೆ ಮಾರಬಹುದು. ಕೊಂಡವರು ಯಾರು, ಅದನ್ನು ಎಲ್ಲಿಗೆ ಒಯ್ದರು, ಯಾವ ಮಾತಿನ ಪಕ್ಕದಲ್ಲಿ ಅಂಟಿಸಿದರು ಎಂಬುದು ಮಾರಿದವನಿಗೆ ತಿಳಿಯುವುದೇ ಇಲ್ಲ. ಈಗಂತೂ ಚಿತ್ರಗಳನ್ನು ರಾಶಿಗಟ್ಟಲೆ ನುಂಗಿ ಹೊಸ ಮುಖಗಳನ್ನೇ ರಚಿಸುವ ಕಂಪ್ಯೂಟರ್‌ಗಳೂ ಬಂದಿವೆ.

ಹಿಂದೆ ಪೇಟೆಯ ಸ್ಟುಡಿಯೋಗಳಲ್ಲಿ ಷೋಕೇಸ್ ಇರುತ್ತಿದ್ದುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಚೆನ್ನಾಗಿ ಬಂದ ಮದುಮಗಳ ಚಿತ್ರವನ್ನೋ, ಮಗುವಿನ ಚಿತ್ರವನ್ನೋ ಸ್ಟುಡಿಯೋದವರು ಅಲ್ಲಿಡುತ್ತಿದ್ದರು. ಕೆಲವು ಮನೆಯವರು ಹೆಮ್ಮೆಪಡುತ್ತಿದ್ದರು. ಇನ್ನು ಕೆಲವರು, “ನಮ್ಮ ಹುಡುಗಿಯ ಫೋಟೊ ಬೀದಿಯಲ್ಲಿ ಯಾಕಪ್ಪ ಇಟ್ಟಿದ್ದೀಯ, ತೆಗಿ” ಎನ್ನುತ್ತಿದ್ದರು. ಸ್ಟುಡಿಯೋದವನು ತೆಗೆಯುತ್ತಿದ್ದ. ಅಲ್ಲಿಗೆ ವಿಷಯ ಮುಗಿಯುತ್ತಿತ್ತು. ಇಂದಿನ ಷೋಕೇಸ್ ಇಡೀ ಲೋಕದ ಬೀದಿಯಲ್ಲಿದೆ. ಒಮ್ಮೆ ಡೌನ್‌ಲೋಡ್ ಆದದ್ದನ್ನು ಎಲ್ಲಿಗೆ ಹೋಗಿ “ತೆಗಿ” ಎಂದು ಹೇಳುವುದು? ಮಾರಿದ ಮೇಲೆ ಸರಿಪಡಿಸಲು ಆಗದ ವ್ಯಾಪಾರದಲ್ಲಿ, ಎಚ್ಚರವೆಲ್ಲ ಮಾರುವುದಕ್ಕೆ ಮುಂಚೆಯೇ ಇರಬೇಕು.

ದುಡಿಮೆಗೆ ಕೂಲಿ ಬೇಡವೇ?

ಇಷ್ಟು ಹೇಳಿದ ಕೂಡಲೇ, “ಫೋಟೊ ಮಾರುವುದೇ ತಪ್ಪು” ಎಂದು ಯಾರೂ ತಿಳಿಯಬಾರದು. ಬೆಳಗಿನ ಮಂಜು ಹಿಡಿಯಲು ಆ ಹುಡುಗ ನಾಲ್ಕು ಗಂಟೆಗೆ ಎದ್ದು ಬೈಕಿನಲ್ಲಿ ಹೋಗುತ್ತಾನೆ. ಹತ್ತು ಸಲ ಹೋದರೆ ಒಂದು ಸಲ ಒಳ್ಳೆಯ ಚಿತ್ರ ಸಿಗುತ್ತದೆ. ದುಡಿದವನಿಗೆ ಕೂಲಿ ಸಲ್ಲಬೇಕೆಂದು ಶುಭಸಂದೇಶವೂ ನಮಗೆ ಕಲಿಸುತ್ತದೆ.

ಇಲ್ಲಿ ನಾವು ನಮ್ಮನ್ನೇ ಸ್ವಲ್ಪ ಕೇಳಿಕೊಳ್ಳಬೇಕು. ಹಬ್ಬದ ಫ್ಲೆಕ್ಸ್‌ಗೆ, ಸ್ಮರಣ ಸಂಚಿಕೆಯ ಹೊದಿಕೆಗೆ, ಸಂಘದ ಕ್ಯಾಲೆಂಡರಿಗೆ ನಾವು ಚಿತ್ರಗಳನ್ನು ಎಲ್ಲಿಂದ ತರುತ್ತೇವೆ? ಇಂಟರ್‌ನೆಟ್ಟಿನಲ್ಲಿ ಹುಡುಕಿ, ಕಣ್ಣಿಗೆ ಚೆಂದ ಕಂಡದ್ದನ್ನು ಇಳಿಸಿಕೊಂಡು, ಮೂಲೆಯಲ್ಲಿರುವ ಹೆಸರನ್ನು ಕತ್ತರಿಸಿ ಅಚ್ಚು ಹಾಕಿಸುತ್ತೇವೆ. “ದೇವರ ಕೆಲಸಕ್ಕೆ ತಾನೆ” ಎನ್ನುತ್ತೇವೆ. ದೇವರ ಕೆಲಸಕ್ಕೆಂದು ಪಕ್ಕದ ಮನೆಯ ತೋಟದಿಂದ ಹೇಳದೆ ಕೇಳದೆ ಬಾಳೆಗೊನೆ ಕಡಿದು ತರುತ್ತೇವೆಯೇ? ಕದಿಯಬಾರದೆಂಬ ಏಳನೆಯ ಕಟ್ಟಳೆ ಕೈಗೆ ಸಿಗುವ ವಸ್ತುಗಳಿಗೆ ಮಾತ್ರ ಅನ್ವಯಿಸುವುದಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಿತ್ರ ತೆಗೆದವನೇ ಅದರ ಕರ್ತೃ. ಅದಕ್ಕೆ ಎಲ್ಲೂ ನೋಂದಣಿ ಮಾಡಿಸಬೇಕಾಗಿಲ್ಲ. 2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಹಕ್ಕು ಕರ್ತೃವಿನ ಜೀವಮಾನ ಮತ್ತು ಅವನ ಮರಣಾನಂತರ 60 ವರ್ಷಗಳ ಕಾಲ ಉಳಿಯುತ್ತದೆ. ಆದ್ದರಿಂದ ಆ ಹುಡುಗನಿಗೆ ಬುದ್ಧಿ ಹೇಳುವ ಮುನ್ನ, ಅವನಂಥವರಿಗೆ ಸಲ್ಲಬೇಕಾದ ಹಣವನ್ನು ನಾವು ಕೊಡುತ್ತಿದ್ದೇವೆಯೇ ಎಂದು ನೋಡಿಕೊಳ್ಳುವುದು ನ್ಯಾಯ.

ಹದಿನಾಲ್ಕು ಚಿತ್ರಗಳು ಬಿದ್ದುಹೋದವು

ಕಾಯಿದೆಯ ಮಾತು ಬಂದದ್ದರಿಂದ ಇನ್ನೊಂದು ವಿಷಯ. ಹಣ ಕೊಟ್ಟು ಹೇಳಿ ತೆಗೆಸಿದ ಚಿತ್ರಗಳ ಲೆಕ್ಕವೇ ಬೇರೆ. ಅದೇ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಅಂಥ ಚಿತ್ರದ ಮೊದಲ ಒಡೆತನ ತೆಗೆಸಿದವರದು, ತೆಗೆದವನದಲ್ಲ. ನಿಮ್ಮ ಮಗಳ ಮದುವೆಗೆ ನೀವು ಹಣ ಕೊಟ್ಟು ಫೋಟೊ ತೆಗೆಸಿದ್ದರೆ, ಆ ಚಿತ್ರಗಳನ್ನು ಫೋಟೊಗ್ರಾಫರ್ ತನ್ನಿಷ್ಟದಂತೆ ಮಾರುವ ಹಾಗಿಲ್ಲ. ಇದನ್ನು ಹೇಳಿದಾಗ ಹುಡುಗನ ಮುಖ ಸಣ್ಣದಾಯಿತು. ಅವನಿಗೆ ಇದು ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಫೋಟೊ ತೆಗೆಸುವ ಎಷ್ಟೋ ಮನೆಯವರಿಗೂ ಗೊತ್ತಿಲ್ಲ. ಹದಿನಾಲ್ಕು ಚಿತ್ರಗಳನ್ನು ಅವನು ಅಲ್ಲೇ ತೆಗೆದುಹಾಕಿದ.

ಅದರಲ್ಲಿ ಪ್ರಥಮ ಪರಮಪ್ರಸಾದದ ದಿನ ಬಿಳಿಯ ಉಡುಪು ತೊಟ್ಟ ಒಬ್ಬ ಪುಟ್ಟ ಹುಡುಗಿಯ ಚಿತ್ರವೂ ಇತ್ತು. ಅದರ ಬಗ್ಗೆ ಕಾಯಿದೆ ಏನೇ ಹೇಳಲಿ, ನಾನಂತೂ ಬೇಡವೆಂದೇ ಹೇಳುತ್ತಿದ್ದೆ. ಮಗು ಇಂದು ಹಲ್ಲು ಬಿಟ್ಟು ನಗುತ್ತದೆ, ತಾಯಿತಂದೆ ಹೂಂ ಎನ್ನುತ್ತಾರೆ. ಆದರೆ ಹತ್ತು ವರ್ಷಗಳ ಮೇಲೆ ಆ ಮುಖವನ್ನು ಹೊತ್ತುಕೊಂಡು ಕಾಲೇಜಿಗೆ ಹೋಗಬೇಕಾದವಳು ಆಕೆಯೇ. ಜೊತೆಗೆ ಇನ್ನೊಂದು ಎಚ್ಚರಿಕೆ. ಮೊಬೈಲಿನಲ್ಲಿ ತೆಗೆದ ಚಿತ್ರದ ಒಳಗೆ, ಅದನ್ನು ತೆಗೆದ ದಿನ, ಗಂಟೆ, ಎಷ್ಟೋ ಸಲ ತೆಗೆದ ಜಾಗವೂ ದಾಖಲಾಗಿರುತ್ತದೆ. ಕಣ್ಣಿಗೆ ಕಾಣದಿದ್ದರೂ ತಿಳಿದವರು ಅದನ್ನು ಓದಬಲ್ಲರು. ಹಾಗೇ ಮಾರಿದರೆ ಮಗುವಿನ ಮುಖದ ಜೊತೆ ಮನೆಯ ವಿಳಾಸವನ್ನೂ ಕೊಟ್ಟಂತಾದೀತು.

ಕಲ್ಲಿಗೂ ಒಂದು ಕಥೆಯಿದೆ

ಉಳಿದ ಇಪ್ಪತ್ತೈದು ಚಿತ್ರಗಳಲ್ಲಿ ಮನುಷ್ಯರ ಮುಖಗಳಿರಲಿಲ್ಲ. ಅವುಗಳಿಗೆ ಅಡ್ಡಿ ಏನು ಎಂದುಕೊಂಡೆವು. ಆದರೆ ಒಂದು ಚಿತ್ರದ ಕೆಳಗೆ ಅವನು ಬರೆದಿದ್ದ ಶೀರ್ಷಿಕೆ ನೋಡಿ ನನಗೆ ನೋವಾಯಿತು. ಅದು ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಹಳೆಯ ದೇವಾಲಯದ ಚಿತ್ರ. ಫ್ರೆಂಚ್ ಧರ್ಮಪ್ರಚಾರಕರು 1860ರ ದಶಕದಲ್ಲಿ ಕಟ್ಟಿದ್ದು. ಹೇಮಾವತಿ ಜಲಾಶಯವಾದ ಮೇಲೆ ಊರಿನವರು ಬೇರೆಡೆಗೆ ಹೋಗಬೇಕಾಯಿತು, ದೇವಾಲಯ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುತ್ತದೆ, ಬೇಸಗೆಯಲ್ಲಿ ನೆಲದ ಮೇಲೆ ನಿಲ್ಲುತ್ತದೆ. ಇಂದು ಚಿತ್ರ ತೆಗೆಯುವವರಿಗೆ ಅದೊಂದು ಯಾತ್ರಾಸ್ಥಳ. ಹುಡುಗ ಅದಕ್ಕೆ “ಭೂತದ ಚರ್ಚ್” ಎಂದು ಹೆಸರಿಟ್ಟಿದ್ದ. ಹಾಗೆ ಬರೆದರೆ ಹೆಚ್ಚು ಜನ ನೋಡುತ್ತಾರಂತೆ.

“ಅಲ್ಲಿ ಜನ ದೀಕ್ಷಾಸ್ನಾನ ಪಡೆದಿದ್ದಾರೆ, ಮದುವೆಯಾಗಿದ್ದಾರೆ, ಸತ್ತವರಿಗಾಗಿ ಅತ್ತಿದ್ದಾರೆ. ನೀರು ಬಂತೆಂದು ಮನೆ ಬಿಟ್ಟು ಹೋದವರ ಮೊಮ್ಮಕ್ಕಳು ನಿನ್ನ ಅಂಗಡಿಗೆ ಬಂದು ಇದನ್ನು ಓದಿದರೆ?” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಆ ಶೀರ್ಷಿಕೆ ಅಳಿಸಿದ. ಊರಿನ ಹೆಸರು, ಕಟ್ಟಿದ ಕಾಲ, ಜಲಾಶಯದ ಸಂಗತಿ ಬರೆದ. ಚಿತ್ರ ಹಾಗೇ ಇತ್ತು, ಆದರೆ ಸುಳ್ಳು ಹೋಗಿತ್ತು. ಮಾರುವವನು ತನ್ನ ಸರಕಿನ ಬಗ್ಗೆ ನಿಜ ಹೇಳಬೇಕೆಂಬುದು ಅಕ್ಕಿಗೂ ಸಲ್ಲುತ್ತದೆ, ಚಿತ್ರಕ್ಕೂ ಸಲ್ಲುತ್ತದೆ.

ಆ ಒಂದು ಮುಖ

ಈಗ ಅಜ್ಜಿಯ ಚಿತ್ರಕ್ಕೆ ಬರೋಣ. ಅದನ್ನು ಯಾರೂ ಹಣ ಕೊಟ್ಟು ತೆಗೆಸಿದ್ದಲ್ಲ. ಆದ್ದರಿಂದ ಕೃತಿಸ್ವಾಮ್ಯ ಹುಡುಗನದೇ. ತೆಗೆದದ್ದೂ ಎಲ್ಲರ ಎದುರಿನಲ್ಲಿ, ಹಬ್ಬದ ಜನಸಂದಣಿಯಲ್ಲಿ. ಸಂತೆಯ ನಿಯಮ ಮಾತ್ರ ಇಲ್ಲಿ ಸ್ವಲ್ಪ ಬಿಗಿಯಾಗಿದೆ. ಗುರುತು ಹಿಡಿಯಬಹುದಾದ ಮುಖವಿದ್ದರೆ, ಆ ವ್ಯಕ್ತಿ ಸಹಿ ಮಾಡಿದ ಒಪ್ಪಿಗೆ ಪತ್ರ ಬೇಕೆಂದು ಚಿತ್ರ ಮಾರುವ ದೊಡ್ಡ ಸಂಸ್ಥೆಗಳು ಕೇಳುತ್ತವೆ. ಪತ್ರವಿಲ್ಲದಿದ್ದರೆ ಸುದ್ದಿಗೆ, ಲೇಖನಕ್ಕೆ ಬಳಸಬಹುದು, ಜಾಹೀರಾತಿಗೆ ಬಳಸುವಂತಿಲ್ಲ. ಸ್ವಂತ ಅಂಗಡಿಯಲ್ಲಿ ಹೀಗೆ ಕೇಳುವವರೇ ಇಲ್ಲ. ಅಲ್ಲಿ ಯಜಮಾನನೂ ಅವನೇ, ಕಾವಲುಗಾರನೂ ಅವನೇ.

ಸಹಿಯ ಮಾತು ಬಂದಾಗ ಹುಡುಗ, “ಅಜ್ಜಿ ನಾನು ಹೇಳಿದರೆ ಎಲ್ಲಿ ಬೇಕಾದರೂ ಸಹಿ ಹಾಕ್ತಾರೆ ಮೇಷ್ಟ್ರೇ” ಎಂದ. ಹೌದು, ಹಾಕುತ್ತಾರೆ. ಪ್ರೀತಿಯಿಂದ ಹಾಕುತ್ತಾರೆ. ಅದೇ ಕಷ್ಟ. ಏನು ಎತ್ತ ಎಂದು ತಿಳಿಯದೆ ಪ್ರೀತಿಗೆ ಕಟ್ಟುಬಿದ್ದು ಹಾಕಿದ ಸಹಿ ಕಾಗದಕ್ಕೆ ಸಾಕು, ಮನಸ್ಸಾಕ್ಷಿಗೆ ಸಾಲದು.

ಇಲ್ಲಿ ನಿಮಗೆ ಎರಡು ನಿಜ ಘಟನೆಗಳನ್ನು ಹೇಳಬೇಕು. ಎರಡೂ ಅಮೆರಿಕದವು.

2007ರಲ್ಲಿ ಟೆಕ್ಸಸ್ ರಾಜ್ಯದ ಒಂದು ಚರ್ಚಿನ ಯುವಜನರು ಸೇರಿ ಕಾರು ತೊಳೆಯುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದ ಯುವ ಮಾರ್ಗದರ್ಶಿಯೊಬ್ಬ, ನಗುತ್ತಾ ಎರಡು ಬೆರಳೆತ್ತಿ ನಿಂತ ಹದಿಹರೆಯದ ಹುಡುಗಿಯೊಬ್ಬಳ ಚಿತ್ರ ತೆಗೆದು, ಯಾರು ಬೇಕಾದರೂ ಬಳಸಿಕೊಳ್ಳಬಹುದಾದ ಲೈಸೆನ್ಸಿನಡಿ ಇಂಟರ್‌ನೆಟ್ಟಿಗೆ ಹಾಕಿದ. ಒಂದು ಕಾಸೂ ಕೇಳಲಿಲ್ಲ. ಕೆಲವೇ ತಿಂಗಳಲ್ಲಿ ಆ ಮುಖ ದೂರದ ಆಸ್ಟ್ರೇಲಿಯಾದ ಬಸ್ ನಿಲ್ದಾಣದಲ್ಲಿ, ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ, ಕೀಟಲೆಯ ಮಾತೊಂದರ ಜೊತೆ ಕಾಣಿಸಿಕೊಂಡಿತು. ಹುಡುಗಿಗೂ ಮನೆಯವರಿಗೂ ಏನೂ ಗೊತ್ತಿರಲಿಲ್ಲ. ಅವರು ಟೆಕ್ಸಸ್‌ನಲ್ಲಿ ಮೊಕದ್ದಮೆ ಹೂಡಿದರು. ಆಸ್ಟ್ರೇಲಿಯಾದ ಕಂಪನಿಯ ಮೇಲೆ ತನಗೆ ಅಧಿಕಾರವ್ಯಾಪ್ತಿ ಇಲ್ಲವೆಂದು ನ್ಯಾಯಾಲಯ 2009ರಲ್ಲಿ ಅದನ್ನು ವಜಾ ಮಾಡಿತು. ಆ ಮಾರ್ಗದರ್ಶಿ ಕೆಟ್ಟವನಲ್ಲ. ತನ್ನದಾದದ್ದನ್ನು ಲೋಕಕ್ಕೆ ಧಾರಾಳವಾಗಿ ಕೊಟ್ಟ. ಆದರೆ ಹಾಗೆ ಕೊಟ್ಟದ್ದರಲ್ಲಿ ಅವನದಲ್ಲದ ಒಂದು ಮುಖವೂ ಇತ್ತು.

ಎರಡನೆಯದು ಇನ್ನೂ ಹಳೆಯದು. 1936ರಲ್ಲಿ, ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, ಡೊರೋಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಸರ್ಕಾರದ ಕೆಲಸದ ಮೇಲೆ ಒಬ್ಬ ಬಡ ತಾಯಿಯ ಚಿತ್ರ ತೆಗೆದರು. ಇಬ್ಬರು ಮಕ್ಕಳು ಆಕೆಯ ಭುಜಕ್ಕೆ ಮುಖ ಮರೆಸಿ ನಿಂತಿದ್ದಾರೆ, ಮಡಿಲಲ್ಲಿ ಹಸುಗೂಸು. “ವಲಸೆಗಾರ ತಾಯಿ” ಎಂದು ಲೋಕಪ್ರಸಿದ್ಧವಾದ ಚಿತ್ರವದು. ಬಿಡಾರದ ಸುದ್ದಿ ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಅಲ್ಲಿಗೆ ಸುಮಾರು ಒಂಬತ್ತು ಸಾವಿರ ಕಿಲೋ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿ ಬೇರೆ ಕಡೆಗೆ ಹೊರಟುಹೋಗಿದ್ದಳು. ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ, ಅಂದರೆ 42 ವರ್ಷಗಳ ನಂತರ. ಆ ಚಿತ್ರ ತೆಗೆಯದಿದ್ದರೇ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಬಿಡಿಗಾಸೂ ಸಿಗಲಿಲ್ಲ ಎಂದು ಆಕೆ ಆಗ ಹೇಳಿಕೊಂಡರು. ಚಿತ್ರ ಸರ್ಕಾರದ್ದಾದ್ದರಿಂದ ಲ್ಯಾಂಗ್ ಅವರಿಗೂ ಅದರಿಂದ ಗೌರವಧನ ಬರುತ್ತಿರಲಿಲ್ಲ. ಇಂದಿಗೂ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಿಂದ ಯಾರು ಬೇಕಾದರೂ ಅದನ್ನು ಉಚಿತವಾಗಿ ಡೌನ್‌ಲೋಡ್ ಮಾಡಿಕೊಳ್ಳಬಹುದು.

ಆದರೆ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 1983ರಲ್ಲಿ ಫ್ಲಾರೆನ್ಸ್ ಕಾಯಿಲೆ ಬಿದ್ದಾಗ ಮಕ್ಕಳು ಸಹಾಯ ಕೇಳಿದರು. ಆ ಚಿತ್ರವನ್ನು ನೆನಪಿನಲ್ಲಿಟ್ಟುಕೊಂಡಿದ್ದ ಅಪರಿಚಿತರು ಮೂವತ್ತೈದು ಸಾವಿರ ಡಾಲರ್‌ಗೂ ಹೆಚ್ಚು ಹಣ ಕಳಿಸಿದರು. ಜೊತೆಗೆ ಬಂದ ಪತ್ರಗಳನ್ನು ಓದಿದ ಮೇಲೆ, ತಾಯಿಯ ಚಿತ್ರ ಜನರ ಮನಸ್ಸನ್ನು ಎಷ್ಟು ಆಳವಾಗಿ ಮುಟ್ಟಿದೆಯೆಂದು ಮಕ್ಕಳಿಗೂ ಅರಿವಾಯಿತು. ಅದೇ ವರ್ಷ ಆಕೆ ತೀರಿಕೊಂಡರು.

ಓದುಗರೇ, ಈ ಎರಡು ಘಟನೆಗಳಲ್ಲಿ ಕಳ್ಳರಿಲ್ಲ, ಮೋಸಗಾರರಿಲ್ಲ. ಎರಡನೆಯದರಲ್ಲಂತೂ ಚಿತ್ರದಿಂದ ದೊಡ್ಡ ಒಳಿತೇ ಆಯಿತು. ಹಾಗಾಗಿ “ಬಡವರ ಮುಖ ತೆಗೆಯಲೇಬಾರದು” ಎಂಬ ನಿಯಮ ಮಾಡಲು ನನಗೆ ಧೈರ್ಯವಿಲ್ಲ. ಆದರೂ ಎರಡು ಕಡೆಯೂ ಒಂದು ಕೊರತೆ ಉಳಿಯಿತು. ಮುಖದ ಒಡತಿಯ ಬಳಿ ಹೋಗಿ, “ನಿಮ್ಮ ಮುಖ ಇಂಥ ಕಡೆಗೆಲ್ಲ ಹೋಗಬಹುದು, ನೀವೇನು ಹೇಳುತ್ತೀರಿ?” ಎಂದು ಯಾರೂ ಕೇಳಲಿಲ್ಲ.

“ಎಲ್ಲದಕ್ಕೂ ಕೇಳುತ್ತಾ ಕೂತರೆ ಸಹಜವಾದ ಚಿತ್ರ ಸಿಗುವುದೇ ಇಲ್ಲ” ಎಂದು ಛಾಯಾಗ್ರಾಹಕರು ಹೇಳುತ್ತಾರೆ. ಅವರ ಮಾತು ಸುಳ್ಳಲ್ಲ. ಕ್ಯಾಮರಾ ಕಂಡ ಕೂಡಲೇ ಸೆರಗು ಸರಿಮಾಡಿಕೊಂಡು ಸೆಟೆದು ನಿಲ್ಲುವವರು ನಾವು. ಆದರೆ ತೆಗೆಯುವ ಮುಂಚೆ ಕೇಳಲಾಗದಿದ್ದರೆ ತೆಗೆದ ಮೇಲೆ ಕೇಳಬಹುದಲ್ಲ? ತೇರಿನ ಮುಂದಿನ ಸಾವಿರ ಜನರ ಗುಂಪನ್ನು ಕೇಳಬೇಕೆಂದು ಯಾರೂ ಹೇಳುತ್ತಿಲ್ಲ. ಸುದ್ದಿಗಾಗಿ ತೆಗೆಯುವುದೂ ಬೇರೆ ಮಾತು. ಒಬ್ಬರ ಮುಖವನ್ನೇ ಸರಕಾಗಿ ಅಂಗಡಿಯಲ್ಲಿಡುವಾಗ ಮಾತ್ರ ಕೇಳುವ ಸಾಲ ಹುಟ್ಟುತ್ತದೆ.

ನಾನು ಹುಡುಗನಿಗೆ ಒಂದೇ ಪರೀಕ್ಷೆ ಹೇಳಿದೆ: “ಈ ಚಿತ್ರವನ್ನು ಯಾರೋ ಕೊಂಡು ವೃದ್ಧಾಶ್ರಮದ ಜಾಹೀರಾತಿಗೆ ಹಾಕಿ, ಮಕ್ಕಳು ಕೈಬಿಟ್ಟ ತಾಯಿ ಎಂದು ಬರೆದರು ಅಂದುಕೋ. ಆ ಹಾಳೆಯನ್ನು ನೀನೇ ತೆಗೆದುಕೊಂಡು ಹೋಗಿ ಅಜ್ಜಿಯ ಕೈಗೆ ಕೊಡಬಲ್ಲೆಯಾ? ಕೊಡಬಲ್ಲೆಯಾದರೆ ಮಾರು.”

ಅವನು ಕೇಳಲು ಹೋದ

ಮರುವಾರ ಅವನು ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಿಸಿಕೊಂಡು ಅಜ್ಜಿಯ ಮನೆಗೆ ಹೋದ. ನನ್ನನ್ನೂ ಕರೆದ. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಹುಡುಗ ಅಂಗಡಿಯ ವಿಷಯವನ್ನೆಲ್ಲ ಫೋನಿನಲ್ಲಿ ತೋರಿಸಿ ವಿವರಿಸಿದ.

“ಈ ಸುಕ್ಕು ಮುಖಕ್ಕೆ ಯಾರಪ್ಪ ದುಡ್ಡು ಕೊಡ್ತಾರೆ?” ಎಂದು ನಕ್ಕರು. ಆಮೇಲೆ ಕೇಳಿದರು: “ತಗೊಂಡೋರು ಏನ್ ಮಾಡ್ತಾರೆ?”

“ಅದು ನನಗೂ ಗೊತ್ತಾಗಲ್ಲ ಅಜ್ಜಿ” ಎಂದ ಹುಡುಗ. ನಿಜ ಹೇಳಿದ್ದಕ್ಕೆ ನನಗೆ ಅವನ ಮೇಲೆ ಅಭಿಮಾನ ಬಂತು.

ಅಜ್ಜಿ ಚಿತ್ರದ ಮೇಲೆ ಬೆರಳಾಡಿಸುತ್ತಾ ಹೇಳಿದರು: “ಅವತ್ತು ನನ್ನ ದೊಡ್ಡ ಮಗನಿಗೋಸ್ಕರ ಜಪ ಮಾಡ್ತಿದ್ದೆ ಕಂದಾ. ಅವನು ಹೋಗಿ ಅವತ್ತಿಗೆ ಆರು ವರ್ಷ. ಅದನ್ನ ಮಾರಬೇಡ. ಬೇಕಾದ್ರೆ ಶನಿವಾರ ಬಾ, ಹೂ ಕಟ್ತಾ ಕೂತಿರ್ತೀನಿ, ಅದನ್ನ ತೆಗಿ. ಅದು ಯಾರು ನೋಡಿದ್ರೂ ನನಗೇನಿಲ್ಲ.” ಸ್ವಲ್ಪ ತಡೆದು, “ಇದನ್ನ ಇಲ್ಲೇ ಬಿಟ್ಟು ಹೋಗು. ನಾನು ಹೋದಾಗ ಪೆಟ್ಟಿಗೆ ಹತ್ರ ಇಡೋಕೆ ಒಂದು ಒಳ್ಳೇ ಫೋಟೊ ಇರಲಿಲ್ಲ” ಎಂದರು.

ನಾವಿಬ್ಬರೂ ಮಾತಾಡಲಿಲ್ಲ. ಮಗ ತೀರಿಕೊಂಡದ್ದು ನಮಗೆ ಗೊತ್ತಿತ್ತು. ಆದರೆ ಚಿತ್ರ ತೆಗೆದ ದಿನವೇ ಅವನ ವರ್ಷದ ದಿನವೆಂಬುದು ಗೊತ್ತಿರಲಿಲ್ಲ. ಕ್ಯಾಮರಾ ಮುಖವನ್ನು ಕಂಡಿತ್ತು, ದುಃಖವನ್ನೂ ಕಂಡಿತ್ತು. ಅದು ಯಾರಿಗಾಗಿ ಎಂಬುದನ್ನು ಹೇಳಲು ಅಜ್ಜಿಯೇ ಬೇಕಾಯಿತು.

ಹುಡುಗನಿಗೆ ಅವತ್ತು ನಷ್ಟವಾಯಿತೇ? ಲೆಕ್ಕದ ಪುಸ್ತಕದಲ್ಲಿ ಆಯಿತು. ಅಂಗಡಿಯ ಅತ್ಯುತ್ತಮ ಸರಕು ಹೋಯಿತು. ಅದನ್ನು ನಾನು ಹಗುರವಾಗಿ ಹೇಳಲಾರೆ, ಏಕೆಂದರೆ ಕಂತು ಕಟ್ಟುವವನು ಅವನು, ನಾನಲ್ಲ. ಶನಿವಾರ ಹೋಗಿ ಹೂ ಕಟ್ಟುವ ಕೈಗಳ ಚಿತ್ರ ತೆಗೆದ. ಮಾರಾಟವಾದರೆ ಅದರಲ್ಲಿ ಅಜ್ಜಿಗೂ ಒಂದು ಪಾಲೆಂದು ಅವನೇ ತೀರ್ಮಾನಿಸಿದ. ಅಜ್ಜಿ, “ಹೂವಿನ ದಾರಕ್ಕಾಯ್ತು ಬಿಡು” ಎಂದು ಒಪ್ಪಿಕೊಂಡರು.

ವೆರೋನಿಕಳ ಬಟ್ಟೆ

ತಪಸ್ಸುಕಾಲದ ಶುಕ್ರವಾರಗಳಲ್ಲಿ ನಾವು ಶಿಲುಬೆಯ ಹಾದಿ ಮಾಡುವಾಗ ಆರನೆಯ ಸ್ಥಳದಲ್ಲಿ ನಿಲ್ಲುತ್ತೇವೆ. ವೆರೋನಿಕ ಎಂಬಾಕೆ ಪ್ರಭುವಿನ ಮುಖ ಒರೆಸಿದಳು, ಆ ಮುಖ ಅವಳ ಬಟ್ಟೆಯಲ್ಲಿ ಮೂಡಿತು. ಇದು ಶುಭಸಂದೇಶಗಳಲ್ಲಿ ಬರುವ ಪ್ರಸಂಗವಲ್ಲ, ಸಭೆಯ ಪರಂಪರೆ ನಮಗೆ ಉಳಿಸಿಕೊಟ್ಟದ್ದು. ಛಾಯಾಗ್ರಾಹಕರು ಆಕೆಯನ್ನು ತಮ್ಮ ಪಾಲಕ ಸಂತಳೆಂದು ಭಾವಿಸುತ್ತಾರೆ. ಎಷ್ಟೋ ವರ್ಷ ಆ ಚಿತ್ರದ ಮುಂದೆ ಮೊಣಕಾಲೂರಿದ್ದೇನೆ, ಒಂದು ಸಂಗತಿಯನ್ನು ಮಾತ್ರ ಗಮನಿಸಿರಲಿಲ್ಲ. ವೆರೋನಿಕ ಮುಖ ತೆಗೆದುಕೊಳ್ಳಲು ಹೋದವಳಲ್ಲ. ಬೆವರು, ರಕ್ತ ಒರೆಸಲು ಹೋದವಳು. ಮೊದಲು ತನ್ನ ಬಟ್ಟೆ ಕೊಟ್ಟಳು, ಆಮೇಲೆ ಮುಖ ಅವಳಿಗೆ ದೊರೆಯಿತು.

ನಿಮ್ಮ ಮನೆಯಲ್ಲೂ ಮಗನೋ ಮಗಳೋ ಇಂಥ ಅಂಗಡಿ ತೆರೆಯಲು ಹೊರಟಿದ್ದರೆ ದಯವಿಟ್ಟು ತಡೆಯಬೇಡಿ. ಅದು ಮಾನದ ದುಡಿಮೆ. ಆದರೆ ಪಕ್ಕದಲ್ಲಿ ಕುಳಿತು ಕೆಲವು ಪ್ರಶ್ನೆಗಳನ್ನು ಕೇಳಿ. ಈ ಚಿತ್ರ ತೆಗೆಸಿದವರು ಯಾರು, ಹಣ ಕೊಟ್ಟವರು ಯಾರು? ಇದರಲ್ಲಿ ಮಗು ಇದೆಯೇ? ಕೆಳಗೆ ಬರೆದ ಮಾತು ನಿಜವೇ? ಇದರಲ್ಲಿರುವ ಮುಖದವರ ಹೆಸರು ನಿನಗೆ ಗೊತ್ತೇ? ಅವರನ್ನು ಕೇಳಿದೆಯಾ? ಅವರು ಬೇಡವೆಂದರೆ ಬಿಡಲು ಸಿದ್ಧನಿದ್ದೀಯಾ? ಹಾಗೆಯೇ ನಿಮ್ಮ ಸಂಘದ ಕ್ಯಾಲೆಂಡರಿಗೆ ಚಿತ್ರ ಬೇಕಾದಾಗ ಅಂಥ ಮಕ್ಕಳಿಂದ ಹಣ ಕೊಟ್ಟೇ ಕೊಳ್ಳಿ, ಮೂಲೆಯಲ್ಲಿ ಅವರ ಹೆಸರನ್ನೂ ಅಚ್ಚು ಹಾಕಿಸಿ.

ಆ ಹುಡುಗನ ಅಂಗಡಿ ಈಗ ಇಪ್ಪತ್ತಾರು ಚಿತ್ರಗಳಿಂದ ನಡೆಯುತ್ತಿದೆ. ವ್ಯಾಪಾರ ಸಾಧಾರಣ. ಕಂತಿಗೆ ಪೂರ್ತಿ ಸಾಲುವುದಿಲ್ಲ, ಸ್ವಲ್ಪ ಆಸರೆಯಾಗುತ್ತದೆ. ಮೊಂಬತ್ತಿ ಬೆಳಕಿನ ಆ ಚಿತ್ರ ಅಜ್ಜಿಯ ಮನೆಯಲ್ಲಿ, ಮಗನ ಚಿತ್ರದ ಪಕ್ಕದ ಗೋಡೆಯಲ್ಲಿದೆ.